ಗಣಕಯಂತ್ರಗಳಿಗೆ ತುರ್ತು ಚಿಕಿತ್ಸೆ

ಬ್ಯಾಂಕು, ರೈಲ್ವೆ, ಆಸ್ಪತ್ರೆ, ಷೇರುಪೇಟೆ—ಇವೆಲ್ಲವೂ ಇಂದು ಗಣಕಯಂತ್ರಗಳನ್ನು ಅವಲಂಬಿಸಿವೆ. ಆ ಯಂತ್ರಗಳನ್ನು ನಡೆಸುವ ಆದೇಶಗಳ ಸರಣಿಗೆ ತಂತ್ರಾಂಶವೆಂದು ಹೆಸರು. ಕಾಲಕಾಲಕ್ಕೆ ಅದನ್ನು ಬದಲಾಯಿಸಬೇಕಾಗುತ್ತದೆ. ಸಾಮಾನ್ಯ ಬದಲಾವಣೆಯು ಪರೀಕ್ಷೆ, ಪರಿಶೀಲನೆ, ಅನುಮತಿ ಎಂಬ ಮೆಟ್ಟಿಲುಗಳನ್ನು ದಾಟಿಯೇ ಬರುತ್ತದೆ. ಆದರೆ ನಡೆಯುತ್ತಿರುವ ಯಂತ್ರವೇ ಕೆಟ್ಟು ಕ್ಷಣಕ್ಷಣಕ್ಕೂ ನಷ್ಟವಾಗುತ್ತಿದ್ದರೆ ಮಾಡುವುದೇನು? ಆಗ ಕೈಗೊಳ್ಳುವುದೇ ತುರ್ತು ಬದಲಾವಣೆ. ಅದು ಎಷ್ಟು ಅಪಾಯಕರವೆಂಬುದಕ್ಕೆ ಅಮೆರಿಕದ ನೈಟ್ ಕ್ಯಾಪಿಟಲ್ ಸಂಸ್ಥೆಯ ಕಥೆಯೇ ಸಾಕ್ಷಿ.

ಷೇರುಗಳ ವ್ಯಾಪಾರ ನಡೆಸುತ್ತಿದ್ದ ಈ ಸಂಸ್ಥೆಯು 2012ರ ಜುಲೈ ಕೊನೆಯಲ್ಲಿ ತನ್ನ 8 ಸರ್ವರ್‌ಗಳಿಗೆ ಹೊಸ ತಂತ್ರಾಂಶವನ್ನು ಅಳವಡಿಸಹೊರಟಿತು. ಏಳಕ್ಕೆ ಅಳವಡಿಕೆಯಾಯಿತು, ಎಂಟನೆಯದು ಬಿಟ್ಟುಹೋಯಿತು. ಮತ್ತೊಬ್ಬರು ನೋಡಿ ಖಚಿತಪಡಿಸುವ ಪದ್ಧತಿ ಅಲ್ಲಿರಲಿಲ್ಲ. ಹೀಗಾಗಿ ಎಂಟನೆಯ ಸರ್ವರ್‌ನಲ್ಲಿ, 2003ರಲ್ಲಿಯೇ ಬಳಕೆ ತಪ್ಪಿದ್ದ 'ಪವರ್ ಪೆಗ್' ಎಂಬ ಹಳೆಯ ಆದೇಶ ಸರಣಿಯು ಉಳಿದುಕೊಂಡಿತು. ಹೊಸದನ್ನು ಚಾಲನೆಗೊಳಿಸಲು ಆರಿಸಿದ್ದ ಸಂಕೇತವಾದರೋ ಹಿಂದೆ ಈ ಹಳೆಯದನ್ನೇ ಚಾಲನೆಗೊಳಿಸುತ್ತಿದ್ದ ಸಂಕೇತ!

ಆಗಸ್ಟ್ 1ರ ಬೆಳಗ್ಗೆ 9-30ಕ್ಕೆ ಪೇಟೆ ತೆರೆಯಿತು. ಸಂಕೇತ ದೊರೆತೊಡನೆ ಎಂಟನೆಯ ಸರ್ವರ್ ಎಡೆಬಿಡದೆ ಷೇರುಗಳನ್ನು ಕೊಳ್ಳುವ, ಮಾರುವ ಆದೇಶಗಳನ್ನು ಕಳುಹಿಸತೊಡಗಿತು. ಎಷ್ಟು ವ್ಯಾಪಾರವಾಯಿತೆಂದು ಎಣಿಸಿ ನಿಲ್ಲಿಸುವ ಭಾಗವನ್ನು 2005ರಲ್ಲಿ ಬೇರೆಡೆಗೆ ಸರಿಸಲಾಗಿದ್ದುದರಿಂದ, ನಿಲ್ಲಿಸಬೇಕೆಂಬುದೇ ಅದಕ್ಕೆ ತಿಳಿಯಲಿಲ್ಲ. ಪೇಟೆ ತೆರೆಯುವ ಮುನ್ನವೇ ಯಂತ್ರಗಳು ತಾವಾಗಿ 97 ಇ-ಮೇಲ್‌ಗಳಲ್ಲಿ ದೋಷವನ್ನು ಸೂಚಿಸಿದ್ದವು, ಯಾರೂ ಗಮನಿಸಿರಲಿಲ್ಲ.

ಇನ್ನು ತುರ್ತು ಚಿಕಿತ್ಸೆಯ ಸರದಿ. ದೋಷವು ಹೊಸ ತಂತ್ರಾಂಶದಲ್ಲಿದೆಯೆಂದು ಬಗೆದು, ಅದನ್ನು ಏಳು ಸರ್ವರ್‌ಗಳಿಂದಲೂ ತೆಗೆದುಹಾಕಿದರು. ಸಂಕೇತವು ಮಾತ್ರ ಹಾಗೆಯೇ ಬರುತ್ತಿತ್ತು. ಪರಿಣಾಮವೇನು? ಸರಿಯಾಗಿದ್ದ ಏಳರಲ್ಲಿಯೂ ಹಳೆಯ ಪವರ್ ಪೆಗ್ ಎಚ್ಚೆತ್ತಿತು! ಸುಮಾರು 45 ನಿಮಿಷಗಳಲ್ಲಿ 154 ಬಗೆಯ ಷೇರುಗಳಲ್ಲಿ 40 ಲಕ್ಷಕ್ಕೂ ಹೆಚ್ಚು ವ್ಯವಹಾರಗಳು ನಡೆದುಹೋದವು. ಒಟ್ಟು ನಷ್ಟ 46 ಕೋಟಿ ಡಾಲರುಗಳನ್ನು ಮೀರಿತು. ಮರುವರ್ಷ ಆ ಸಂಸ್ಥೆ ಮತ್ತೊಂದರಲ್ಲಿ ವಿಲೀನವಾಯಿತು.

ಇದರಿಂದ ತಿಳಿಯುವುದೇನು? ರೋಗವನ್ನು ಗುರುತಿಸದೆ ಕೊಟ್ಟ ಔಷಧವು ರೋಗವನ್ನೇ ಹೆಚ್ಚಿಸಬಹುದು. ಗಾಯಾಳುವಿಗೆ ವೈದ್ಯನು ಮೊದಲು ರಕ್ತಸ್ರಾವವನ್ನು ತಡೆಯುವಂತೆ, ಇಲ್ಲಿಯೂ ಆದೇಶಗಳ ಹರಿವನ್ನು ಮೊದಲು ನಿಲ್ಲಿಸಬೇಕಿತ್ತು. ಕಾರಣದ ಶೋಧನೆ ಆಮೇಲೆ. ಆದುದರಿಂದಲೇ ಸುವ್ಯವಸ್ಥಿತ ಸಂಸ್ಥೆಗಳು ತುರ್ತು ಬದಲಾವಣೆಗೂ ನಿಯಮಗಳನ್ನು ಮೊದಲೇ ಗೊತ್ತುಮಾಡಿರುತ್ತವೆ. ಅನುಮತಿ ನೀಡಲು ಯಾವ ಹೊತ್ತಿನಲ್ಲಿಯೂ ಕೂಡಬಲ್ಲ ಕೆಲವೇ ಜನರ ಚಿಕ್ಕ ಸಮಿತಿಯಿರುತ್ತದೆ. ಪರೀಕ್ಷೆಯನ್ನು ಮೊಟಕುಗೊಳಿಸಿದರೂ ಪೂರ್ತಿ ಕೈಬಿಡುವುದು ಅಪರೂಪ. ಒಬ್ಬನು ಮಾಡಿದ್ದನ್ನು ಇನ್ನೊಬ್ಬನು ನೋಡುತ್ತಾನೆ. ಬದಲಾವಣೆ ಫಲಿಸದಿದ್ದರೆ ಹಿಂದಿನ ಸ್ಥಿತಿಗೆ ಮರಳುವ ದಾರಿಯನ್ನೂ, ಆ ಹಿಂದಿನ ಸ್ಥಿತಿ ನಿಜಕ್ಕೂ ಸುರಕ್ಷಿತವೇ ಎಂಬುದನ್ನೂ ಮುಂಚಿತವಾಗಿ ವಿಚಾರಿಸುತ್ತಾರೆ. ಎಲ್ಲವೂ ಶಾಂತವಾದ ಬಳಿಕ ನಡೆದುದನ್ನು ದಾಖಲೆಮಾಡಿ ವಿಮರ್ಶಿಸುತ್ತಾರೆ.

ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಮುಂದೆ ಇಂಥ ಯಂತ್ರಗಳ ಹೊಣೆ ಹೊರುವವರೇ. ಬೆಂಕಿ ಹತ್ತಿದ ಮೇಲೆ ಬಾವಿ ತೋಡಬಾರದೆಂಬ ಹಿರಿಯರ ಮಾತು ಅವರಿಗೂ ಅನ್ವಯಿಸುತ್ತದೆ.