ಕೃಷಿ ವಿಶ್ವವಿದ್ಯಾಲಯದ ಬೋಧಕ ಹುದ್ದೆ: ಅರ್ಜಿ ಸಲ್ಲಿಸುವ ಮುನ್ನ

ನಿಮ್ಮ ಮಕ್ಕಳು ಕೃಷಿ ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕರಾಗಬೇಕಾದರೆ ಕೃಷಿ ಪದವಿಯೊಂದೇ ಸಾಲದು. ಆಯಾ ವಿಷಯದಲ್ಲಿ ಸ್ನಾತಕೋತ್ತರ ಪದವಿ ಹಾಗೂ ಸಾಮಾನ್ಯವಾಗಿ ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿ ನಡೆಸುವ ನೆಟ್ ಪರೀಕ್ಷೆಯ ತೇರ್ಗಡೆ ಅಥವಾ ನಿಯಮಾನುಸಾರ ಪಡೆದ ಪಿಎಚ್.ಡಿ. ಅಗತ್ಯ.

ಈ ಹುದ್ದೆಯು ತರಗತಿಗೆ ಸೀಮಿತವಲ್ಲ. ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಅದರ ಹೊಣೆ. ಸಂಶೋಧನಾ ಯೋಜನೆಗಳಡಿ ಕರೆಯುವ ಹುದ್ದೆಗಳಾದರೋ ಬಹುತೇಕ ತಾತ್ಕಾಲಿಕ. ಯೋಜನೆ ಮುಗಿದೊಡನೆ ಕೊನೆಗೊಳ್ಳುತ್ತವೆ. ಆದ್ದರಿಂದ ಅಧಿಸೂಚನೆಯಲ್ಲಿ ಹುದ್ದೆಯ ಸ್ವರೂಪ, ಅವಧಿ, ವಿಷಯ ಹಾಗೂ ಕೊನೆಯ ದಿನಾಂಕವನ್ನು ಮೊದಲು ಗಮನಿಸಿರಿ.

ಕೆಲಸ ಕೊಡಿಸುವೆವೆನ್ನುವ ಮಧ್ಯವರ್ತಿಗಳನ್ನು ನಂಬಿ ಜಮೀನು ಅಡವಿಡದಿರಿ. ವಿಸ್ತರಣಾ ಕಾರ್ಯಕರ್ತರು ಈ ಎಚ್ಚರಿಕೆಯನ್ನು ರೈತರ ಸಭೆಗಳಲ್ಲಿ ತಿಳಿಸುವುದು ಒಳಿತು.