ಲೇತುಗಳ ಊರಿನಲ್ಲಿ ಕೋವಿಯ ನಳಿಗೆ

ಕೊಯಮತ್ತೂರಿನ ಗಣಪತಿ, ಪೀಳಮೇಡು, ಕುರಿಚ್ಚಿ ಭಾಗಗಳ ಲೇತ್ ಅಂಗಡಿಗಳಲ್ಲಿ ಉಕ್ಕಿನ ಸರಳಿಗೆ ನೇರವಾದ ರಂಧ್ರ ಕೊರೆದು, ಅದರ ಒಳಮೈಯನ್ನು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ನಿಖರವಾದ ಅಳತೆಗೆ ತರಬಲ್ಲ ಕೆಲಸಗಾರರಿಗೆ ಕೊರತೆಯಿಲ್ಲ. ಆದರೆ ಅದೇ ಸೀಮೆಯ ಆನೆಮಲೆ ತಪ್ಪಲಿನ ರೈತನೊಬ್ಬ ತನ್ನ ಕೋವಿಯ ನಳಿಗೆಯನ್ನು ತಂದು ಮುಂದಿಟ್ಟರೆ, ಅವರಲ್ಲಿ ಬಹುಪಾಲು ಜನ ಅದನ್ನು ಮುಟ್ಟುವಂತಿಲ್ಲ. ಕೈಚಳಕ ಬೀದಿಬೀದಿಯಲ್ಲಿ ಹರಡಿದ್ದರೂ ಅದನ್ನು ಕೋವಿಯ ಮೇಲೆ ಬಳಸುವ ಹಕ್ಕು ಪರವಾನಗಿ ಪಡೆದ ಕೆಲವರಲ್ಲಿ ಮಾತ್ರ ಉಳಿದಿರುವುದು ಈ ಸೀಮೆಯ ಎರಡು ಶತಮಾನಗಳ ಚರಿತ್ರೆಯ ಫಲ.

1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೆ ಕೊಯಮತ್ತೂರು ಮತ್ತು ಧಾರಾಪುರ ಮೈಸೂರಿನ ಆಳ್ವಿಕೆಯಲ್ಲಿದ್ದವು. ಟಿಪ್ಪುವಿನ ಕಾರ್ಖಾನೆಗಳಲ್ಲಿ ತಯಾರಾದ, ಹುಲಿಪಟ್ಟೆಯ ಗುರುತು ಹೊತ್ತ ಕೋವಿಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. ಮರುವರ್ಷ, 1800ರ ಜೂನ್‌ನಲ್ಲಿ, ಕೊಯಮತ್ತೂರಿನಲ್ಲಿ ಬೀಡುಬಿಟ್ಟಿದ್ದ ಕಂಪನಿಯ ಸೈನ್ಯದ ಮೇಲೆ ಪಾಳೆಯಗಾರರು ನಡೆಸಿದ ದಾಳಿ ವಿಫಲವಾಯಿತು. ಟಿಪ್ಪುವಿನ ಪರವಾಗಿ ಕಾದಿದ್ದ ಕೊಂಗುನಾಡಿನ ಧೀರನ್ ಚಿನ್ನಮಲೈಯನ್ನು 1805ರಲ್ಲಿ ಸಂಕಗಿರಿ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಈ ನಡುವೆ 1801ರ ಡಿಸೆಂಬರಿನಲ್ಲಿ ಮದರಾಸಿನ ಗವರ್ನರು ಹೊರಡಿಸಿದ ಘೋಷಣೆ ತೆಂಕಣ ಪಾಳೆಯಗಳ ಜನರ ಕೈಯಿಂದ ಆಯುಧಗಳನ್ನು ಕಿತ್ತುಕೊಂಡಿತು. 1857ರ ದಂಗೆಯ ನಂತರ ಕಟ್ಟುಪಾಡು ದೇಶವ್ಯಾಪಿಯಾಗಿ, ಲಿಟ್ಟನ್ ವೈಸರಾಯಿಯಾಗಿದ್ದ 1878ರ ಆಯುಧ ಕಾಯ್ದೆಯೊಂದಿಗೆ ಪರವಾನಗಿಯಿಲ್ಲದ ಕೋವಿ ಅಪರಾಧವೆನಿಸಿತು. ಕೊಡವರಿಗೆ ಮಾತ್ರ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲೇ ವಿನಾಯಿತಿ ಕೊಟ್ಟಿದ್ದನು, ಮತ್ತು ಅದು 2019ರ ಅಧಿಸೂಚನೆಯಂತೆ 2029ರವರೆಗೂ ಮುಂದುವರಿದಿದೆ. ಕೊಯಮತ್ತೂರಿಗೆ ಅಂಥ ಭಾಗ್ಯ ದೊರೆಯಲಿಲ್ಲ.

ಈಗ ಜಾರಿಯಲ್ಲಿರುವ 1959ರ ಆಯುಧ ಕಾಯ್ದೆಯನ್ನು ನಳಿಗೆಯ ಕಾಯ್ದೆಯೆಂದೇ ಓದಬಹುದು. ಅದರ 5ನೇ ಕಲಮು ತಯಾರಿಕೆ ಮತ್ತು ಮಾರಾಟದ ಜೊತೆಗೆ ರಿಪೇರಿ, ಪರೀಕ್ಷೆ ಮತ್ತು ತಾಳಿಕೆಯ ಪರೀಕ್ಷೆಗೂ ಪರವಾನಗಿ ಬೇಕೆನ್ನುತ್ತದೆ. ತಾಳಿಕೆಯ ಪರೀಕ್ಷೆಯೆಂದರೆ ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟಾ ಹಾರಿಸಿ, ನಳಿಗೆ ಬಿರಿಯದಿದ್ದರೆ ಅದಕ್ಕೆ ಮುದ್ರೆ ಒತ್ತುವುದು. ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡುವುದನ್ನು 6ನೇ ಕಲಮು ಪ್ರತ್ಯೇಕವಾಗಿ ಹೆಸರಿಸಿ ನಿರ್ಬಂಧಿಸುತ್ತದೆ. ತಯಾರಕನ ಹೆಸರು ಮತ್ತು ಸಂಖ್ಯೆಯನ್ನು ಅಳಿಸಬಾರದೆಂಬುದು 8ನೇ ಕಲಮು. 13ನೇ ಕಲಮಿನಲ್ಲಿ ನಾಗರಿಕನಿಗೆ ರಕ್ಷಣೆಗಾಗಿ ದೊರೆಯುವ ನುಣುಪು ಒಳಮೈಯ ಕೋವಿಯ ನಳಿಗೆ 20 ಅಂಗುಲಕ್ಕಿಂತ ಕಡಿಮೆಯಿರಬಾರದು; ಬೆಳೆ ಕಾಯಲು ಮೊದಲ ಆಯ್ಕೆ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ; .22 ಬೋರಿನ ರೈಫಲು ಗುರಿ ಅಭ್ಯಾಸಕ್ಕಾಗಿ ರೈಫಲ್ ಕ್ಲಬ್ಬಿನ ಸದಸ್ಯನಿಗೆ. ಬೋರು ಎಂದರೆ ನಳಿಗೆಯ ಒಳವ್ಯಾಸ. ತೋಟಾ ಕೋವಿಗಳಲ್ಲಿ ಅದನ್ನು ಅಳೆಯುವ ರೀತಿ ಹಳೆಯದು: ಒಂದು ಪೌಂಡ್ ಸೀಸವನ್ನು 12 ಸಮ ಗುಂಡುಗಳನ್ನಾಗಿ ಮಾಡಿದರೆ ಅದರಲ್ಲಿ ಒಂದರ ಅಗಲವೇ 12 ಬೋರು, ಅಂದರೆ ಸುಮಾರು 18.5 ಮಿಲಿಮೀಟರು. ರೈಫಲಿನ ನಳಿಗೆಯಲ್ಲಾದರೋ ಗುಂಡು ತಿರುಗುತ್ತಾ ಹೊರಡಲೆಂದು ಒಳಗೋಡೆಗೆ ಸುರುಳಿ ಗೀರುಗಳನ್ನು ಕೊರೆದಿರುತ್ತಾರೆ. ಅವು ಸವೆದರೆ ಗುರಿ ಚದುರುತ್ತದೆ, ಮತ್ತು ಅವನ್ನು ಹೊಸದಾಗಿ ಮೂಡಿಸುವುದು ರಿಪೇರಿಯಾಗಿರದೆ ಬಹುಪಾಲು ಹೊಸ ನಳಿಗೆಯನ್ನೇ ಮಾಡಿದಂತೆ.

ಆದುದರಿಂದ ಕೋವಿ ಕೆಲಸಗಾರನ ಆಯ್ಕೆ ದರದ ವಿಚಾರಣೆಯಿಂದ ಶುರುವಾಗದೆ ಅವನ ಪರವಾನಗಿಯಲ್ಲಿ ರಿಪೇರಿ ಎಂಬ ಮಾತು ಇದೆಯೇ, ಅದರ ಅವಧಿ ಮುಗಿದಿಲ್ಲವೇ ಎಂಬುದರಿಂದ ಶುರುವಾಗುತ್ತದೆ; 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದ ರಿಪೇರಿಗೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ. ಎರಡನೆಯ ಪರೀಕ್ಷೆ ಅವನು ನಳಿಗೆ ನೋಡುವ ಬಗೆ. ಬಲ್ಲವನು ಕೋವಿ ಖಾಲಿಯಿದೆಯೆಂದು ಖಚಿತ ಮಾಡಿಕೊಂಡು, ನಳಿಗೆಯನ್ನು ಕಳಚಿ, ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ಹಿಂಬದಿಯಿಂದ ಒಳಗೆ ನೋಡುತ್ತಾ ನಿಧಾನವಾಗಿ ತಿರುಗಿಸುತ್ತಾನೆ. ಒಳಗೋಡೆಯ ಮೇಲೆ ಬೀಳುವ ನೆರಳಿನ ಬಳೆಗಳು ಒಂದರೊಳಗೊಂದು ಸಮನಾಗಿ ಕೂತರೆ ನಳಿಗೆ ನೇರ. ಒಂದೆಡೆ ಬಳೆ ಸೊಟ್ಟಗಾದರೆ ನಳಿಗೆ ಬಾಗಿದೆ ಅಥವಾ ನೆಗ್ಗಿದೆ. ನಡುವೆ ದಪ್ಪನೆಯ ಕಪ್ಪು ಉಂಗುರ ಕಂಡರೆ ಅಡಚಣೆಯ ಮೇಲೆ ಗುಂಡು ಹಾರಿಸಿದ್ದರಿಂದ ಅಲ್ಲಿ ಉಬ್ಬಿರುವ ಸಂಭವವಿದೆ. ಹೀಗೆ ಉಬ್ಬಿದ ನಳಿಗೆಯನ್ನು ಉಜ್ಜಿ ನುಣುಪಾಗಿಸಿ ಕೊಡಲು ಒಪ್ಪುವವನಿಗಿಂತ, ಇದು ಇನ್ನು ಬಳಸಲು ಯೋಗ್ಯವಲ್ಲವೆಂದು ಹಿಂದಿರುಗಿಸುವವನೇ ಒಳ್ಳೆಯ ಕೆಲಸಗಾರ.

ಕೂಲಿಯ ಪ್ರಶ್ನೆ ಜಟಿಲವಾಗುವುದು ಇಲ್ಲಿಯೇ, ಏಕೆಂದರೆ ಕೊಯಮತ್ತೂರು ಬೇರೊಂದು ಕೂಲಿ ಪದ್ಧತಿಗೆ ಒಗ್ಗಿಹೋದ ಊರು. 1888ರಲ್ಲಿ ರಾಬರ್ಟ್ ಸ್ಟೇನ್ಸ್ ನೂಲಿನ ಗಿರಣಿ ಆರಂಭಿಸಿದ ಮೇಲೆ ಗಿರಣಿಗಳ ಬಿಡಿಭಾಗಗಳ ರಿಪೇರಿ ಇಲ್ಲೊಂದು ಕಸುಬಾಯಿತು. 1920ರಲ್ಲಿ ಪೊಳ್ಳಾಚಿ–ಪಳನಿ ನಡುವೆ ಬಸ್ಸು ಓಡಿಸಿದ ಜಿ. ಡಿ. ನಾಯ್ಡು ಅವರಂಥವರ ಕಾಲದಲ್ಲಿ ಎಂಜಿನ್ನಿನ ಕೆಲಸವೂ ಬೆಳೆಯಿತು. 1930ರ ದಶಕದ ಮೊದಲಲ್ಲಿ ಪೈಕಾರಾ ಜಲವಿದ್ಯುತ್ತು ಬಂದು ಬಾವಿಗಳಿಗೆ ಮೋಟಾರ್ ಪಂಪು ಸಾಧ್ಯವಾದಾಗ, ನಾಯ್ಡು ಮತ್ತು ಡಿ. ಬಾಲಸುಂದರಂ ನಾಯ್ಡು 1937ರಲ್ಲಿ ಮೋಟಾರನ್ನು ಇಲ್ಲೇ ತಯಾರಿಸಿದರು. ಈ ಪಂಪುಗಳಿಂದಲೇ ಸಾವಿರಾರು ಸಣ್ಣ ಲೇತ್ ಅಂಗಡಿಗಳು ಹುಟ್ಟಿದವು. ಪಂಪಿನ ಬುಷ್‌ಗಳಿಗೆ ಎರಕ ಹೊಯ್ಯುವ ಗನ್ ಮೆಟಲ್ ಹಿಂದೆ ಫಿರಂಗಿಗಳ ಲೋಹವಾಗಿದ್ದುದನ್ನು ಇಲ್ಲಿ ನೆನೆಯುವವರು ವಿರಳ.

ಈ ಅಂಗಡಿಗಳ ಕೂಲಿ ಜಾಬ್ ಆರ್ಡರ್ ಎಂಬ ಕ್ರಮದ್ದು: ಸರಕು ಮತ್ತು ನಕ್ಷೆ ಗಿರಾಕಿಯದು, ಯಂತ್ರ ಮತ್ತು ದುಡಿಮೆ ಅಂಗಡಿಯವನದು, ಲೆಕ್ಕ ನಗಕ್ಕಿಷ್ಟು ಅಥವಾ ಗಂಟೆಗಿಷ್ಟು. ತಿರುಪ್ಪೂರಿನ ಬನಿಯನ್ ಉದ್ದಿಮೆಯೂ ಹೆಣಿಗೆ, ಬಣ್ಣ, ಹೊಲಿಗೆಗಳನ್ನು ಹೀಗೆಯೇ ಬಿಡಿಬಿಡಿಯಾಗಿ ಕೂಲಿಗೆ ಕೊಡುತ್ತದೆ. ಜಿಎಸ್‌ಟಿ ಬಂದಾಗ ಎಂಜಿನಿಯರಿಂಗ್ ಕೂಲಿ ಕೆಲಸದ ಮೇಲೆ ಬಿದ್ದ ಶೇ 18ರ ತೆರಿಗೆ, ಸಣ್ಣ ಘಟಕಗಳ ಸಂಘಗಳು ಒತ್ತಾಯಿಸಿದ ಮೇಲೆ, 2019ರ ಅಕ್ಟೋಬರ್ 1ರಿಂದ ಶೇ 12ಕ್ಕೆ ಇಳಿದಿತ್ತು. ನಗಕ್ಕಿಷ್ಟು ಎಂಬ ಈ ಲೆಕ್ಕ ನಳಿಗೆಗೆ ಹೊಂದದು. ಅಲ್ಲಿ ಕೆಲಸದ ಹೆಚ್ಚಿನ ಪಾಲು ನೋಡುವುದು ಮತ್ತು ಅಳೆಯುವುದೇ ಆಗಿದ್ದು, ಬೇಡವೆಂಬ ತೀರ್ಮಾನಕ್ಕೂ ಕೂಲಿ ಸಲ್ಲಬೇಕಾಗುತ್ತದೆ. ಪರೀಕ್ಷೆಯ ಕೂಲಿ, ದುಡಿಮೆಯ ಕೂಲಿ, ಬಿಡಿಭಾಗದ ಬೆಲೆ ಮೂರನ್ನೂ ಬೇರೆಬೇರೆ ಬರೆಸಿ, ಕೋವಿಯ ಸಂಖ್ಯೆ ನಮೂದಾದ ರಸೀದಿ ಪಡೆಯುವುದು ಗಿರಾಕಿಗೂ ಕೆಲಸಗಾರನಿಗೂ ಕ್ಷೇಮ. ಮುಂಗಡವಿಲ್ಲದೆ ಕೆಲಸ ಹಿಡಿಯದಿರುವುದು ಕೆಲಸಗಾರನ ದುರಾಸೆಯೇನಲ್ಲ. 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆ ನಿಂತು ಗಿರಾಕಿಗಳು ಕರಗಿರುವಾಗ, ಹಣ ಕೊಡದೆ ಬಿಟ್ಟುಹೋದ ಕೋವಿಯನ್ನು ಅವನು ಬೇರೆಯವರಿಗೆ ಮಾರುವಂತೆಯೂ ಇಲ್ಲ.

ಲೇತುಗಳ ಲೋಕಕ್ಕೆ ಆಯುಧದ ಕೆಲಸ ಈಚೆಗೆ ಇನ್ನೊಂದು ಬಾಗಿಲಿನಿಂದ ಬರತೊಡಗಿದೆ. 2019ರ ಜನವರಿಯಲ್ಲಿ ತಿರುಚಿರಾಪಳ್ಳಿಯಲ್ಲಿ ಉದ್ಘಾಟನೆಯಾದ ತಮಿಳುನಾಡು ರಕ್ಷಣಾ ಕೈಗಾರಿಕಾ ಕಾರಿಡಾರಿನ ಐದು ಕೇಂದ್ರಗಳಲ್ಲಿ ಕೊಯಮತ್ತೂರೂ ಒಂದು; 1969ರಲ್ಲಿ ಸ್ಥಾಪನೆಯಾದ ಸಣ್ಣ ಕೈಗಾರಿಕೆಗಳ ಸಂಘ ಕೊಡಿಸಿಯಾ ಇದಕ್ಕಾಗಿಯೇ ನಾವೀನ್ಯ ಕೇಂದ್ರವೊಂದನ್ನು ನಡೆಸುತ್ತಿದೆ. ಇಂಥ ಕೆಲಸಗಳಲ್ಲಿ ಹಣ ಬರುವುದು ಮಾಲು ತಪಾಸಣೆಯಲ್ಲಿ ತೇರ್ಗಡೆಯಾದ ಬಳಿಕ. ಸಣ್ಣ ಘಟಕಗಳ ಬಾಕಿಯನ್ನು ಹೆಚ್ಚೆಂದರೆ 45 ದಿನಗಳಲ್ಲಿ ತೀರಿಸಬೇಕೆಂದು 2006ರ ಕಾನೂನು ಹೇಳುತ್ತದಾದರೂ, ಆ ದಿನಗಳ ಎಣಿಕೆ ಶುರುವಾಗುವುದು ಮಾಲು ಸ್ವೀಕಾರವಾದ ಮೇಲೆ. ಎರಡು ಲೇತು ಇಟ್ಟುಕೊಂಡ ಅಂಗಡಿಯವನು ಆರ್ಡರ್ ಹಿಡಿಯುವ ಮುನ್ನ ನಕ್ಷೆಗಿಂತ ಮೊದಲು ವಿಚಾರಿಸುವುದು ಈ ಅವಧಿಯನ್ನೇ.