ಮುಟ್ಟಲು ಸಿಗದ ರೋಗಿ

2016ರ ಫೆಬ್ರವರಿ 7ರ ಭಾನುವಾರ ಬೆಂಗಳೂರಿನ ಪೂರ್ವ ಭಾಗದ ಶಾಲೆಯೊಂದಕ್ಕೆ ಚಿರತೆ ನುಗ್ಗಿತು. ಹಿಡಿಯಲು ಹೋದವರಲ್ಲಿ ಹಲವರು ಗಾಯಗೊಂಡರು. ಈಜುಕೊಳದ ಪಕ್ಕದಲ್ಲಿ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಅವರ ಮೇಲೆ ಅದು ಎರಗಿದ ದೃಶ್ಯವನ್ನು ನಾಡೆಲ್ಲ ಟಿ.ವಿ.ಯಲ್ಲಿ ನೋಡಿತು. ಅರಿವಳಿಕೆ ಮದ್ದಿಗೆ ಚಿರತೆ ಮಲಗುವಷ್ಟರಲ್ಲಿ ರಾತ್ರಿಯಾಗಿತ್ತು. ಇಂಥ ಘಟನೆ ನಡೆದಾಗಲೆಲ್ಲ ಜನ ಕೇಳುವ ಪ್ರಶ್ನೆ ಒಂದೇ: ಮೊದಲೇ ಡಾರ್ಟ್ ಹೊಡೆದು ಮಲಗಿಸಿಬಿಡಬಾರದಿತ್ತೇ?

ಸಿನಿಮಾದಲ್ಲಿ ಡಾರ್ಟ್ ತಗುಲಿದ ಪ್ರಾಣಿ ನಿಂತಲ್ಲೇ ಕುಸಿಯುತ್ತದೆ. ನಿಜದಲ್ಲಿ ಮದ್ದು ಮಾಂಸಖಂಡದಿಂದ ರಕ್ತಕ್ಕಿಳಿದು, ರಕ್ತದಿಂದ ಮಿದುಳು ಮುಟ್ಟಿ ಕೆಲಸ ಮಾಡಲು ಹತ್ತು ಹದಿನೈದು ನಿಮಿಷ ಬೇಕು. ಅದೂ ಪ್ರಾಣಿ ಶಾಂತವಾಗಿದ್ದರೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಜೈಲಜಿನ್, ಎಚ್ಚರವನ್ನು ಕಾಯುವ ನಾರ್‌ಅಡ್ರಿನಲಿನ್ ರಾಸಾಯನಿಕದ ಬಿಡುಗಡೆಯನ್ನು ತಗ್ಗಿಸಿ ಮಂಪರು ತರಿಸುತ್ತದೆ. ಸುತ್ತ ಸಾವಿರ ಜನ ಕೂಗುತ್ತಿರುವಾಗ ಹೆದರಿದ ಚಿರತೆಯ ಮೈಯಲ್ಲಿ ಅದೇ ಬಗೆಯ ರಾಸಾಯನಿಕಗಳು ಉಕ್ಕುತ್ತಿರುತ್ತವೆ. ಮದ್ದಿನ ಪಟ್ಟು ಅಲ್ಲಿ ಸಡಿಲವಾಗುತ್ತದೆ. ಸಾಮಾನ್ಯವಾಗಿ ಸಾಕಾಗುವ ಪ್ರಮಾಣ ಅಂದು ಸಾಕಾಗದೆ ಹೋಗಬಹುದು.

ಈ ಹದಿನೈದು ನಿಮಿಷದಲ್ಲಿ, ಅದರ ನಂತರದ ಒಂದು ಗಂಟೆಯಲ್ಲಿ ಏನು ಮಾಡಬೇಕೆಂಬುದನ್ನು ಪಶುವೈದ್ಯ ಎಲ್ಲಿ ಕಲಿಯಬೇಕು? ನಮ್ಮ ದೇಶದಲ್ಲಿ ಪಶುವೈದ್ಯ ಪದವಿ ಐದೂವರೆ ವರ್ಷದ್ದು, ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಅಷ್ಟರಲ್ಲಿ ವಿದ್ಯಾರ್ಥಿಯ ಕೈ ನೂರಾರು ಹಸು, ಎಮ್ಮೆ, ಕುರಿ, ನಾಯಿಗಳ ಮೇಲೆ ಆಡಿರುತ್ತದೆ. ಗರ್ಭ ಪರೀಕ್ಷೆ, ಕೆಚ್ಚಲು ಬಾವು, ಹೊಟ್ಟೆಯುಬ್ಬರ ಎಲ್ಲವೂ ಮುಟ್ಟಿ ಮುಟ್ಟಿ ಕಲಿತ ವಿದ್ಯೆ. ವನ್ಯಜೀವಿ ಮಾತ್ರ ಹೆಚ್ಚಿನವರಿಗೆ ಪುಸ್ತಕದ ಪಾಠವಾಗಿ ಉಳಿಯುತ್ತದೆ. ಆದರೆ ಹಳ್ಳಿಯ ಬಾವಿಗೆ ಚಿರತೆ ಬಿದ್ದ ದಿನ ಕರೆ ಬರುವುದು ಬಹಳ ಸಲ ಹತ್ತಿರದ ಪಶು ಆಸ್ಪತ್ರೆಯ ಡಾಕ್ಟರಿಗೇ. ಕರ್ನಾಟಕದ ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡುವ ವೈದ್ಯರಲ್ಲೂ ಅನೇಕರು ಪಶುಸಂಗೋಪನಾ ಇಲಾಖೆಯಿಂದ ನಿಯೋಜನೆಯ ಮೇಲೆ ಬಂದವರು. ಅವರಿಗೆ ಮೊದಲ ಕಾಡುಪ್ರಾಣಿ ಎದುರಾಗುವುದು ಪ್ರಾಣಸಂಕಟದ ಹೊತ್ತಿನಲ್ಲಿ ಆಗಬಾರದು. ಕೈಯಾರೆ ಮಾಡಿ ಕಲಿಯುವ ತರಬೇತಿ ಕಾಲೇಜಿನ ದಿನಗಳಲ್ಲೇ ಸಿಗಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಮೊದಲ ಪಾಠ ಮದ್ದಿನ ಪ್ರಮಾಣದ್ದು. ತೂಕ ಗೊತ್ತಾದರೆ ಲೆಕ್ಕ ಸುಲಭ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಹಾಗಿಲ್ಲ. ಅದೇ ಜೈಲಜಿನ್ ಕುದುರೆಗೆ ಬೇಕಾಗುವುದರ ಹತ್ತನೇ ಒಂದು ಪಾಲು ಹಸುವಿಗೆ ಸಾಕು; ಕುದುರೆಯ ಲೆಕ್ಕವನ್ನು ಹಸುವಿಗೆ ಹಾಕಿದವರು ಹಸುವನ್ನು ಕಳೆದುಕೊಳ್ಳುತ್ತಾರೆ. ಆನೆಗೆ ಬಂದಾಗ ಈ ಎಚ್ಚರ ಇನ್ನೂ ಹೆಚ್ಚಬೇಕು. 1962ರಲ್ಲಿ ಅಮೆರಿಕದ ಒಕ್ಲಹೋಮಾ ಸಿಟಿಯಲ್ಲಿ ಟಸ್ಕೊ ಎಂಬ ಗಂಡಾನೆಗೆ ಮದದ ಅಧ್ಯಯನಕ್ಕೆಂದು ಎಲ್‌ಎಸ್‌ಡಿ ಕೊಟ್ಟರು. ಬೆಕ್ಕಿನಂಥ ಪುಟ್ಟ ಪ್ರಾಣಿ ತಡೆದುಕೊಳ್ಳುವ ಪ್ರಮಾಣವನ್ನು ಕಿಲೋ ಲೆಕ್ಕದಲ್ಲಿ ಏರಿಸಿ 297 ಮಿಲಿಗ್ರಾಂ ಎಂದು ನಿಗದಿ ಮಾಡಿದ್ದರು. ಚುಚ್ಚಿದ ಕೆಲವೇ ನಿಮಿಷಗಳಲ್ಲಿ ಆನೆ ಕುಸಿಯಿತು, ಎರಡು ಗಂಟೆಯೊಳಗೆ ಸತ್ತಿತು. ಉಳಿಸಲೆಂದು ಆಮೇಲೆ ಕೊಟ್ಟ ಮದ್ದುಗಳಿಗೂ ಆ ಸಾವಿನಲ್ಲಿ ಪಾಲಿದ್ದಿರಬಹುದು ಎನ್ನುವವರಿದ್ದಾರೆ. ಮೂಲ ತಪ್ಪು ಲೆಕ್ಕದ್ದೇ. ಮ್ಯಾಕ್ಸ್ ಕ್ಲೈಬರ್ ಎಂಬ ವಿಜ್ಞಾನಿ 1932ರಲ್ಲೇ ತೋರಿಸಿದ್ದಂತೆ, ದೇಹದ ತೂಕ ಸಾವಿರ ಪಟ್ಟಾದರೆ ಅದು ಶಕ್ತಿ ಸುಡುವ ವೇಗ ಹೆಚ್ಚುವುದು ಸುಮಾರು 180 ಪಟ್ಟು ಮಾತ್ರ. ಪ್ರಾಣಿ ದೊಡ್ಡದಾದಷ್ಟೂ ಅದರ ಒಂದೊಂದು ಕಿಲೋ ಮೈಗೆ ಬೇಕಾಗುವ ಮದ್ದು ಕಡಿಮೆಯಾಗುತ್ತದೆ.

ಇಷ್ಟು ತಿಳಿದ ಮೇಲೂ ಕಾಡಾನೆಯನ್ನು ತೂಗುವ ತಕ್ಕಡಿ ಎಲ್ಲಿದೆ? ಇಲ್ಲಿ ಕಾಡಿನ ಹಳಬರ ಒಂದು ಅಳತೆ ನೆರವಿಗೆ ಬರುತ್ತದೆ. ಆನೆಯ ಮುಂಗಾಲಿನ ಪಾದದ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಹೆಚ್ಚುಕಡಿಮೆ ಅದರ ಭುಜದ ಎತ್ತರ ಸಿಗುತ್ತದೆ. ಕೆಸರಿನಲ್ಲಿ ಮೂಡಿದ ಹೆಜ್ಜೆಗೆ ದಾರ ಹಿಡಿದು ಅಳೆದು, ಎತ್ತರದಿಂದ ತೂಕವನ್ನು ಅಂದಾಜಿಸುವುದು ವಿದ್ಯಾರ್ಥಿಗಳು ಆನೆ ಶಿಬಿರದಲ್ಲಿ ಅರ್ಧ ದಿನದಲ್ಲಿ ಕಲಿಯಬಹುದಾದ ಕೆಲಸ. ಹತ್ತು ಆನೆಗಳನ್ನು ಅಳೆದವರಿಗೆ ಹನ್ನೊಂದನೆಯದರ ತೂಕ ಕಣ್ಣಿಗೇ ಹತ್ತಿರಹತ್ತಿರ ಹೊಳೆಯತೊಡಗುತ್ತದೆ.

ಎರಡನೆಯ ಪಾಠ ಗುರಿಯದ್ದು. ಡಾರ್ಟ್ ಎಂದರೆ ಹಾರುವ ಸಿರಿಂಜ್. ಹಿಂದಿನ ಕೋಣೆಯಲ್ಲಿ ಒತ್ತಿಟ್ಟ ಗಾಳಿ, ಮುಂದಿನ ಕೋಣೆಯಲ್ಲಿ ಮದ್ದು. ಸೂಜಿಯ ತೂತು ತುದಿಯಲ್ಲಿರದೆ ಪಕ್ಕದಲ್ಲಿದ್ದು, ಸಿಲಿಕೋನ್ ತೊಡಿಕೆಯಿಂದ ಮುಚ್ಚಿರುತ್ತದೆ. ಸೂಜಿ ಚರ್ಮಕ್ಕೆ ನಾಟಿದಾಗ ತೊಡಿಕೆ ಹಿಂದಕ್ಕೆ ಸರಿಯುತ್ತದೆ, ಗಾಳಿಯ ಒತ್ತಡ ಮದ್ದನ್ನು ಒಳಕ್ಕೆ ದೂಡುತ್ತದೆ. ತೊಡೆಯ ಅಥವಾ ಭುಜದ ದಪ್ಪ ಮಾಂಸಕ್ಕೇ ಅದು ತಗುಲಬೇಕು. ಹೊಟ್ಟೆಗೆ, ಪಕ್ಕೆಗೆ ಬಿದ್ದರೆ ಒಳಗಿನ ಅಂಗಗಳು ತೂತಾಗುತ್ತವೆ. ಹತ್ತು ಮೀಟರಿಗೆ ಬೇಕಾದ ಒತ್ತಡದಲ್ಲಿ ಮೂವತ್ತು ಮೀಟರಿಗೆ ಹೊಡೆದರೆ ಡಾರ್ಟ್ ದಾರಿಯಲ್ಲೇ ಇಳಿದುಬಿಡುತ್ತದೆ. ಮೂವತ್ತರ ಒತ್ತಡದಲ್ಲಿ ಹತ್ತಕ್ಕೆ ಹೊಡೆದರೆ ಮೂಳೆ ಮುರಿಯಬಹುದು. ಒಣಹುಲ್ಲು ತುಂಬಿದ ಗೋಣಿಚೀಲಕ್ಕೆ ನೀರು ತುಂಬಿದ ಡಾರ್ಟನ್ನು ಮತ್ತೆ ಮತ್ತೆ ಹೊಡೆದೇ ಇದು ಕೈಗೆ ಹತ್ತಬೇಕು.

ಗುರಿ ತಾಗಿದೊಡನೆ ಅರ್ಧ ಕೆಲಸ ಮುಗಿಯಿತು ಎಂದು ತಿಳಿಯುವುದು ದೊಡ್ಡ ತಪ್ಪು. ಪ್ರಾಣಿ ನೆಲಕ್ಕೊರಗಿದ ಕ್ಷಣದಿಂದ ಅದರ ಉಸಿರು, ಮೈಬಿಸಿ, ಕಣ್ಣು, ಹೊಟ್ಟೆ ಎಲ್ಲಕ್ಕೂ ವೈದ್ಯನೇ ಹೊಣೆ. ಒಂದೊಂದು ಪ್ರಾಣಿಯ ಅಪಾಯ ಒಂದೊಂದು ತರ.

ಚಿರತೆಗೆ ಜೈಲಜಿನ್ ಜೊತೆ ಕೆಟಮಿನ್ ಬೆರೆಸುವುದು ವಾಡಿಕೆ. ಕೆಟಮಿನ್ ಏರಿದ ಬೆಕ್ಕಿನ ಜಾತಿಯ ಪ್ರಾಣಿ ಕಣ್ಣು ತೆರೆದೇ ಮಲಗುತ್ತದೆ, ರೆಪ್ಪೆ ಬಡಿಯುವುದಿಲ್ಲ. ಬಿಸಿಲಿಗೆ, ದೂಳಿಗೆ ಕಣ್ಣು ಒಣಗಿ ಹುಣ್ಣಾಗದಂತೆ ಮುಲಾಮು ಹಚ್ಚಿ ಬಟ್ಟೆ ಮುಚ್ಚಬೇಕು. ಓಡಿ ಓಡಿ ಕಾದ ಮೈಯ ಬಿಸಿ 41 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪ್ರಾಣಕ್ಕೆ ಕುತ್ತು. ಹೊಟ್ಟೆ, ತೊಡೆಯ ಸಂದಿಗೆ ನೀರು ಸುರಿಯುತ್ತ ಥರ್ಮಾಮೀಟರ್ ನೋಡುತ್ತಿರಬೇಕು. ಎಬ್ಬಿಸುವಾಗಲೂ ಎಚ್ಚರ ಬೇಕು. ಜೈಲಜಿನ್‌ಗೆ ಯೋಹಿಂಬಿನ್ ಎಂಬ ಪ್ರತಿಮದ್ದು ಇದೆ, ಕೆಟಮಿನ್‌ಗೆ ಇಲ್ಲ. ಕೆಟಮಿನ್ ಇಳಿಯುವ ಮೊದಲೇ ಯೋಹಿಂಬಿನ್ ಕೊಟ್ಟರೆ ಕೆಟಮಿನ್ ಒಂದೇ ಉಳಿದು ಮೈ ಸೆಟೆಯುತ್ತದೆ, ಸೆಳವು ಬರುತ್ತದೆ.

ಜಿಂಕೆ, ಕಡವೆಗಳದು ಬೇರೆಯೇ ಕಷ್ಟ. ಮೆಲುಕು ಹಾಕುವ ಪ್ರಾಣಿ ಅಡ್ಡ ಮಲಗಿದರೆ ಹೊಟ್ಟೆ ಉಬ್ಬುತ್ತದೆ, ಮೇಲೆ ಬಂದ ಮೇವು ಶ್ವಾಸನಾಳಕ್ಕೆ ಇಳಿಯುತ್ತದೆ. ಹಾಗಾಗಿ ಎದೆಯ ಮೇಲೆ ಕೂರಿಸಿ, ಕುತ್ತಿಗೆ ಎತ್ತಿ, ಮೂತಿ ಕೆಳಗೆ ಬಾಗುವಂತೆ ಹಿಡಿದುಕೊಂಡೇ ಇರಬೇಕು. ಜಿಂಕೆಯನ್ನು ಅಟ್ಟಿಸಿಕೊಂಡು ಹೋಗಿ ಹಿಡಿದರೆ ಸ್ನಾಯುಗಳು ಆಮ್ಲದಲ್ಲಿ ಬೆಂದಂತಾಗಿ ಒಡೆಯತೊಡಗುತ್ತವೆ. ಅವುಗಳ ಕೆಂಪು ವರ್ಣದ್ರವ್ಯ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕಟ್ಟಿಹಾಕುತ್ತದೆ. ಬಿಟ್ಟಾಗ ಚೆನ್ನಾಗಿಯೇ ಓಡಿಹೋದ ಜಿಂಕೆ ಎರಡು ಮೂರು ದಿನ ಬಿಟ್ಟು ಪೊದೆಯಲ್ಲಿ ಸಾಯುತ್ತದೆ. ಹಿಡಿದವರ ಕಡತದಲ್ಲಿ ಮಾತ್ರ ಕಾರ್ಯಾಚರಣೆ ಯಶಸ್ವಿ ಎಂದಿರುತ್ತದೆ. ಕ್ಯಾಪ್ಚರ್ ಮಯೋಪತಿ ಎಂಬ ಈ ಸ್ಥಿತಿಗೆ ಚಿಕಿತ್ಸೆ ಬಹಳ ಕಷ್ಟ, ಬಾರದಂತೆ ತಡೆಯುವುದೊಂದೇ ನೆಚ್ಚಬಹುದಾದ ದಾರಿ.

ಆನೆಗೆ ಮಾತ್ರ ಎದೆಯ ಮೇಲೆ ಕೂರುವುದೇ ಮೃತ್ಯು. ಬೇರೆ ಸಸ್ತನಿಗಳಲ್ಲಿ ಶ್ವಾಸಕೋಶಕ್ಕೂ ಪಕ್ಕೆಯ ಗೋಡೆಗೂ ನಡುವೆ ತೆಳ್ಳನೆಯ ಟೊಳ್ಳು ಇರುತ್ತದೆ. ಆನೆಯಲ್ಲಿ ಆ ಜಾಗವನ್ನು ನಾರಿನಂಥ ಅಂಗಾಂಶ ತುಂಬಿ ಶ್ವಾಸಕೋಶ ಗೋಡೆಗೇ ಅಂಟಿದೆ. ಉಸಿರಾಟವೆಲ್ಲ ಎದೆಯ ಸ್ನಾಯು ಮತ್ತು ವಪೆಯ ಚಲನೆಯಿಂದಲೇ ಆಗಬೇಕು. ಅರಿವಳಿಕೆಯಲ್ಲಿ ಆನೆ ಎದೆಯೂರಿ ಕೂತರೆ ಟನ್ನುಗಟ್ಟಲೆ ಭಾರ ವಪೆಯನ್ನು ಒತ್ತಿ ಉಸಿರು ಕಟ್ಟುತ್ತದೆ. ಹಗ್ಗ ಕಟ್ಟಿ, ಪಳಗಿದ ಕುಮ್ಕಿ ಆನೆಗಳಿಂದ ದೂಡಿಸಿ, ಕೂಡಲೇ ಪಕ್ಕಕ್ಕೆ ಉರುಳಿಸಬೇಕು. ಸೊಂಡಿಲು ಮಡಿಚಿಕೊಳ್ಳದಂತೆ ನೋಡಿಕೊಳ್ಳಲು ಒಬ್ಬರು ಅಲ್ಲೇ ಕೂರಬೇಕು. ನಮ್ಮ ವೈದ್ಯರು ಸಾಧ್ಯವಾದಾಗಲೆಲ್ಲ ಆನೆಯನ್ನು ನಿಂತೇ ಮಂಪರಿನಲ್ಲಿಡುವುದಕ್ಕೂ ಇದೇ ಕಾರಣ. ಕಿವಿಯ ಹಿಂಬದಿಯ ದಪ್ಪ ರಕ್ತನಾಳ ಹುಡುಕಿ ಪ್ರತಿಮದ್ದು ಕೊಡುವುದನ್ನು ಪಳಗಿದ ಆನೆಯ ಕಿವಿ ಹಿಡಿದೇ ಅಭ್ಯಾಸ ಮಾಡಬೇಕು.

ಮನುಷ್ಯರ ಜೀವದ ಪ್ರಶ್ನೆಯೂ ಇದೆ. ಎಟಾರ್ಫಿನ್ ಎಂಬ ಪ್ರಬಲ ಮದ್ದು ಆನೆ, ಘೇಂಡಾಮೃಗಗಳಿಗೆ ಕೆಲವೇ ಮಿಲಿಗ್ರಾಂ ಸಾಕು. ಒಂದು ಹನಿ ಗಾಯದ ಮೂಲಕ ಮೈ ಸೇರಿದರೆ ಮನುಷ್ಯನ ಉಸಿರು ನಿಲ್ಲಬಹುದು. ಕೈಗವಸು, ಜೊತೆಗೊಬ್ಬರು, ಪಕ್ಕದಲ್ಲೇ ತುಂಬಿಟ್ಟ ಪ್ರತಿಮದ್ದು ಇವಿಲ್ಲದೆ ಅದರ ಬಾಟಲಿ ತೆರೆಯಬಾರದು. ಅಪಾಯ ಮದ್ದಿನದಷ್ಟೇ ಅಲ್ಲ. 2023ರ ಆಗಸ್ಟ್‌ನಲ್ಲಿ ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡಿದ್ದ ಕಾಡಾನೆ ಭೀಮನ ಚಿಕಿತ್ಸೆಗಾಗಿ ಡಾರ್ಟ್ ಹೊಡೆದ ‘ಆನೆ ವೆಂಕಟೇಶ್’ ತಿರುಗಿಬಿದ್ದ ಅದೇ ಆನೆಯ ದಾಳಿಗೆ ಸಿಕ್ಕಿ ತೀರಿಕೊಂಡರು. ಕಾಡಿನಲ್ಲೇ ಪಳಗಿದ ಅಂಥ ಕೈಗಳ ಅನುಭವ ಯಾವ ಪಠ್ಯದಲ್ಲೂ ಸೇರದೆ ಅವರೊಂದಿಗೇ ಹೊರಟುಹೋಗುತ್ತಿದೆ ಎಂಬುದು ನನ್ನನ್ನು ತುಂಬ ಕಾಡುವ ಸಂಗತಿ. ಸಕ್ರೆಬೈಲು, ದುಬಾರೆ, ಮತ್ತಿಗೋಡು ಶಿಬಿರಗಳ ಮಾವುತರು, ಕಾವಾಡಿಗಳು ವಿದ್ಯಾರ್ಥಿಗಳಿಗೆ ಗುರುಗಳಾಗಬೇಕು. ಆರೋಗ್ಯವಾಗಿರುವ ಆನೆ ಸುಮ್ಮನೆ ನಿಲ್ಲುವುದಿಲ್ಲ. ಕಿವಿ ಬೀಸುತ್ತದೆ, ಬಾಲ ಆಡಿಸುತ್ತದೆ, ಅದರ ಉಗುರಿನ ಬುಡ ತೇವವಾಗಿರುತ್ತದೆ. ಜ್ವರದ ಆನೆಯನ್ನು ಅವರು ದೂರದಿಂದಲೇ ಗುರುತಿಸುವುದು ಇಂಥವನ್ನು ನೋಡಿ.

ಸತ್ತ ಪ್ರಾಣಿಯೂ ಪಾಠ ಹೇಳುತ್ತದೆ. ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು ಯಾವುದನ್ನು ಕೊಯ್ಯಬಾರದು ಎಂಬುದು. ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಆಂಥ್ರಾಕ್ಸ್ ಇರಬಹುದು. ದೇಹ ತೆರೆದರೆ ಗಾಳಿ ಸೋಕಿದ ಬ್ಯಾಕ್ಟೀರಿಯಾ ಬೀಜಾಣುಗಳಾಗಿ ಮಾರ್ಪಟ್ಟು ಆ ನೆಲದಲ್ಲಿ ದಶಕಗಳ ಕಾಲ ಉಳಿಯುತ್ತವೆ. ಕಿವಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಮೊದಲ ಹೆಜ್ಜೆ. ಮಲೆನಾಡಿನಲ್ಲಿ ಸತ್ತ ಮಂಗ ಕಂಡರಂತೂ ಇನ್ನೂ ಎಚ್ಚರ. 1957ರಲ್ಲಿ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಉರುಳತೊಡಗಿದ್ದೇ ಮಂಗನ ಕಾಯಿಲೆಯ ಮೊದಲ ಸುಳಿವು. ಮಂಗದ ಮೈ ತಣ್ಣಗಾದಂತೆ ಉಣುಗುಗಳು ಇಳಿದು ಸುತ್ತಲಿನ ತರಗೆಲೆಗಳಲ್ಲಿ ಹೊಸ ಮೈಗಾಗಿ ಕಾಯುತ್ತವೆ. ಅಲ್ಲಿ ಹೇಗೆ ನಡೆಯಬೇಕು, ಏನು ತೊಡಬೇಕು, ಸುತ್ತಲೂ ಕೀಟನಾಶಕ ಏಕೆ ಎರಚಬೇಕು ಎಂಬುದನ್ನು ಆ ಕಾಡಿನಲ್ಲೇ ನಿಂತು ಕಲಿಸಬೇಕು.

ಹೀಗೆಂದು ವನ್ಯಜೀವಿ ತರಬೇತಿ ಎಂದರೆ ಬರೀ ಕಾಡು, ಬಂದೂಕು ಎಂದುಕೊಳ್ಳಬಾರದು. 1994ರಲ್ಲಿ ತಾಂಜಾನಿಯಾದ ಸೆರೆಂಗೆಟಿಯ ಸಿಂಹಗಳಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಕೊಂದದ್ದು ನಾಯಿಗಳಲ್ಲಿ ಸಾಮಾನ್ಯವಾದ ಡಿಸ್ಟೆಂಪರ್ ವೈರಸ್. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ 23 ಸಿಂಹಗಳು ಸತ್ತಾಗಲೂ ಅದೇ ವೈರಸ್ ಪತ್ತೆಯಾಯಿತು. ಕಾಡಂಚಿನ ಹಳ್ಳಿಯ ನಾಯಿಗಳಿಗೆ ಲಸಿಕೆ ಹಾಕಿ ರಕ್ತದ ಮಾದರಿ ತೆಗೆಯುವ ವಿದ್ಯಾರ್ಥಿ ಹುಲಿ, ಚಿರತೆಗಳ ವೈದ್ಯಕೀಯವನ್ನೇ ಕಲಿಯುತ್ತಿದ್ದಾನೆ.

ಹಸುವಿನ ಕೊಟ್ಟಿಗೆಗೂ ಇದೇ ಮಾತು. ನೋವಿಗೆಂದು ಹಸುವಿಗೆ ಕೊಟ್ಟ ಡೈಕ್ಲೊಫೆನಾಕ್ ಅದರ ಹೆಣದ ಮೂಲಕ ರಣಹದ್ದಿನ ಹೊಟ್ಟೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ ಎಂದು 2004ರಲ್ಲಿ ಖಚಿತವಾಯಿತು. ಅಷ್ಟರಲ್ಲಿ ನಮ್ಮ ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಬಹುಪಾಲು ಅಳಿದಿದ್ದವು. 2006ರಲ್ಲಿ ಪಶುಗಳಿಗೆ ಆ ಮದ್ದು ನಿಷೇಧವಾಯಿತು, 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್ ಕೂಡ. ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಣೆಯಾಗಿದೆ. ಆ ಹಕ್ಕಿಗಳು ಧಾಮದ ಗಡಿಯೊಳಗಷ್ಟೇ ಮೇಯುವುದಿಲ್ಲ, ಸತ್ತ ದನ ಸಿಕ್ಕಲ್ಲೆಲ್ಲ ಇಳಿಯುತ್ತವೆ. ಕೆಚ್ಚಲು ಬಾವಿನ ನೋವಿಗೆ ಇಂಟರ್ನ್ ವಿದ್ಯಾರ್ಥಿ ಮೆಲಾಕ್ಸಿಕಾಮ್ ಬಾಟಲಿಗೆ ಕೈ ಚಾಚಿದರೆ ಹಸುವಿನ ನೋವೂ ಇಳಿಯುತ್ತದೆ, ಮುಂದೆ ಅದರ ಹೆಣ ತಿಂದ ಹದ್ದೂ ಬದುಕುತ್ತದೆ.